ಕರಿಗೋಧಿಯ ಅಂಟು

ಕೆಜಾಯಾ ಕೆಚಮ್ ಕಾಯಿಸುವ ಅಂಟು ಎಂದರೆ ಫಿಲೋ ಬೇಸಿನ್ ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದದ್ದು ಒಳ್ಳೆಯ ಹೆಸರಿನಿಂದಲ್ಲ. ಒಂದು ವರ್ಷ ಹೆಂಗಸರೆಲ್ಲ ಸೇರಿ ಚರ್ಚಿನ ಹಿಂಬದಿಯ ಕೋಣೆಯ ಗೋಡೆಗೆ ಹೂವಿನ ಕಾಗದ ಅಂಟಿಸಿದ್ದರು. ಮಿಕ್ಕವರು ಬಿಳಿ ಗೋಧಿಹಿಟ್ಟಿನಲ್ಲಿ ಅಂಟು ಕಾಯಿಸಿ ತಂದರೆ, ಕೆಜಾಯಾ ತನ್ನ ಮನೆಯಲ್ಲಿದ್ದ ಕರಿಗೋಧಿಯ ಹಿಟ್ಟಿಗೆ ಒಂದು ಸೌಟು ಕಾಕಂಬಿ ಬೆರೆಸಿ ತಂದಳು. ಕಾಕಂಬಿ ಹಾಕಿದರೆ ಬಿಗಿಯಾಗಿ ಹಿಡಿಯುತ್ತದೆ ಎಂದು ಅವಳ ತಾಯಿ ಹೇಳಿಕೊಟ್ಟಿದ್ದಳು. ಹಿಡಿದದ್ದೇನೋ ಹಿಡಿಯಿತು. ಒಣಗಲಿಲ್ಲ ಅಷ್ಟೆ. ಮೋಡ ಕವಿದಾಗಲೆಲ್ಲ ಗೋಡೆ ಜಿನುಗುತ್ತಿತ್ತು. ಇಲಿಗಳು ಬಂದು ಹೂವುಗಳನ್ನು ತಿಂದವು. ಪಾದ್ರಿಗಳು ಪ್ರಾರ್ಥನೆ ಮಾಡುತ್ತ ಗೋಡೆಗೆ ಒರಗಿ ನಿಂತವರು ಆಮೆನ್ ಎಂದು ಸರಿಯಲು ಹೋದರೆ ಕೋಟು ಬರಲಿಲ್ಲ. ಅಲ್ಲಿಂದ ಮುಂದೆ ಊರಿನಲ್ಲಿ ಬಿಡಿಸಿಕೊಳ್ಳಲಾಗದ ಯಾವುದಕ್ಕೇ ಆಗಲಿ, ಬಂದು ಕೂತು ಏಳದ ನೆಂಟನಿಗೂ, ಬಿಟ್ಟು ಹೋಗದ ಕೆಮ್ಮಿಗೂ, "ಕೆಜಾಯಾಳ ಅಂಟು" ಎನ್ನುವುದು ರೂಢಿಯಾಯಿತು. ಕೆಜಾಯಾ ತಾನೂ ನಗುತ್ತಿದ್ದಳು. ಆ ಅಂಟಿನಿಂದ ಮನೆಯೇ ಹೋಗುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು?

ಮನೆ ಇದ್ದದ್ದು ಕಾಲುವೆಯ ಲಾಕಿನ ಪಕ್ಕದಲ್ಲಿ. ಮೇಲಿನ ನೀರಿನಿಂದ ಕೆಳಗಿನ ನೀರಿಗೆ ದೋಣಿಗಳನ್ನು ಇಳಿಸುವ, ಕೆಳಗಿನವನ್ನು ಎತ್ತುವ ಕಲ್ಲಿನ ತೊಟ್ಟಿಯೇ ಲಾಕು. ಅದರ ಎರಡು ತುದಿಗೂ ಮರದ ಭಾರಿ ಕದಗಳು, ಪ್ರತಿ ಕದಕ್ಕೂ ಒಂದು ಉದ್ದನೆಯ ತೊಲೆ. ತೊಲೆಗೆ ಬೆನ್ನು ಕೊಟ್ಟು ದೂಡಿದರೆ ಕದ ತೆರೆಯುತ್ತದೆ. ಕೆಜಾಯಾಳ ಗಂಡ ಓರಿನ್ ಆ ತೊಲೆಗಳಿಗೆ ಬೆನ್ನು ಕೊಡುತ್ತಲೇ ಮುದುಕನಾಗಿದ್ದ. ಮನೆ ಅವನದಲ್ಲ, ಕೆಲಸದ್ದು. ಕೆಲಸವೂ ಅವನದಲ್ಲ, ಆಲ್ವಾ ಪೆಟಿಬೋನನದು.

ಆಲ್ವಾ ಮತ್ತು ಓರಿನ್ ಹುಡುಗರಾಗಿದ್ದಾಗ ಒಂದೇ ದೋಣಿಯನ್ನು ದಡದಿಂದ ಎಳೆಯುವ ಹೇಸರಗತ್ತೆಗಳನ್ನು ಹೊಡೆದು, ಒಂದೇ ಕಂಬಳಿಯಲ್ಲಿ ಮಲಗಿದವರು. ಓರಿನ್ ದಡದಲ್ಲೇ ಉಳಿದ. ಆಲ್ವಾ ಊರಿನ ಕಾನ್‌ಸ್ಟೇಬಲ್ ಆದ, ಹೋಟೆಲಿಗೆ ಪಾಲುದಾರನಾದ, ರಾಜ್ಯದ ರಾಜಧಾನಿ ಆಲ್ಬನಿಯ ಶಾಸನಸಭೆಗೆ ಹೋದ, ಆಮೇಲೆ ಅಲ್ಲೇ ಸೆನೆಟರ್ ಆದ. ಅವನು ಒಂದು ಮೆಟ್ಟಿಲು ಹತ್ತಿದಾಗ ಊರಿಗೆ ಒಂದು ತುಣುಕು ಉದುರುತ್ತಿತ್ತು. ಅಂಚೆ ಕಚೇರಿ ಅವನ ಭಾವಮೈದುನನ ಅಂಗಡಿಗೆ ಬಂತು. ಕಾಲುವೆ ರಿಪೇರಿಯ ಗುತ್ತಿಗೆ ಅವನ ಅಳಿಯನಿಗೆ ಬಂತು. ಲಾಕು ಓರಿನ್‌ಗೆ ಬಂತು. ಅದಕ್ಕೆ ಬದಲಾಗಿ ಏನು ಕೊಡಬೇಕು ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮತದಾನದ ದಿನ ಮನೆಯ ಗಂಡಸರು ಪಾರ್ಟಿಯ ಹಳದಿ ಚೀಟಿ ಹಿಡಿದು ಹೋಗಬೇಕು. ಅದಕ್ಕೆ ಮುಂಚೆ ಶರತ್ಕಾಲದ ಒಂದು ಬೆಳಿಗ್ಗೆ ಆಲ್ವಾ ಬಂದು ಕೆಜಾಯಾಳ ಅಡುಗೆಮನೆಯಲ್ಲಿ ಕೂತು ಕರಿಗೋಧಿ ದೋಸೆಗೆ ಕಾಕಂಬಿ ಸುರಿದುಕೊಂಡು ತಿನ್ನುತ್ತಾನೆ. "ಆಲ್ಬನಿಯಲ್ಲಿ ಎಂಥೆಂಥ ಹೋಟ್ಲು ನೋಡ್ದೆ ಕೆಜಾಯಾ, ಇಂಥ ದೋಸೆ ಎಲ್ಲೂ ಸಿಗ್ಲಿಲ್ಲ" ಎನ್ನುತ್ತಾನೆ. ಅಷ್ಟಾದರೆ ಇನ್ನೊಂದು ವರ್ಷಕ್ಕೆ ಸೂರು ಗಟ್ಟಿ.

ಆ ಸೂರಿನ ಕೆಳಗೆ ಆಗ ಓರಿನ್, ಕೆಜಾಯಾ, ಮಗ ಎಬೆನ್, ಸೊಸೆ ಲೊವೀನಾ, ಅವಳ ಎರಡು ಹೆಣ್ಣು ಮಕ್ಕಳು ಇದ್ದರು. ಲೊವೀನಾ ಮತ್ತೆ ಬಸುರಿಯಾಗಿದ್ದಳು. ಎಬೆನ್ ಹಿಟ್ಟಿನ ಗಿರಣಿಗೆ ಕೆಲಸಕ್ಕೆ ಹೋಗುತ್ತಿದ್ದ. ಲೊವೀನಾಳ ತಮ್ಮ ಅಸಾ ಧಾನ್ಯದ ದೋಣಿಯ ಮೇಲೆ ದುಡಿಯುವವನು. ದೋಣಿ ಬಂದಾಗಲೆಲ್ಲ ದಡಕ್ಕೆ ಹಾರಿ, "ಮಾವ, ನೀವು ಕೂತ್ಕೊಳ್ಳಿ, ನಾನ್ ದೂಡ್ತೀನಿ" ಎಂದು ತೊಲೆಗೆ ಬೆನ್ನು ಕೊಡುತ್ತಿದ್ದ. ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಹಾಗೆ ದೂಡುವಾಗ ತೊಲೆ ಬುಡದಲ್ಲೇ ಮುರಿಯಿತು. ಅಸಾ ಹಿಮ್ಮುಖವಾಗಿ ತೊಟ್ಟಿಯೊಳಗೆ ಬಿದ್ದ. ಬಿದ್ದದ್ದು ಕಲ್ಲಿನ ಗೋಡೆಗೂ ದೋಣಿಗೂ ನಡುವೆ. ಎತ್ತಿ ತಂದು ಅಡುಗೆಮನೆಯ ಮೇಜಿನ ಮೇಲೆ ಮಲಗಿಸಿದಾಗ ಉಸಿರಿರಲಿಲ್ಲ.

ಸಾವಿನ ವಿಚಾರಣೆ ಹೋಟೆಲಿನ ಹಜಾರದಲ್ಲಿ ನಡೆಯಿತು. ಅದರ ಹಿಂದಿನ ಸಂಜೆ ಆಲ್ವಾ ಬಂದು ಓರಿನ್‌ನ ಜೊತೆ ಕಾಲುವೆಯ ದಡದಲ್ಲಿ ಒಂದಷ್ಟು ದೂರ ನಡೆದು ಹೋಗಿದ್ದ. ತೊಲೆಯ ಗತಿ ನೋಡುವುದಕ್ಕೆ ಲಾಕಿನವರು ಜೇಬಿನ ಚಾಕುವನ್ನು ಮರಕ್ಕೆ ಚುಚ್ಚುತ್ತಾರೆ. ಗಟ್ಟಿ ಮರದಲ್ಲಿ ಮೊನೆ ಮಾತ್ರ ಇಳಿಯುತ್ತದೆ, ಕೊಳೆತದ್ದರಲ್ಲಿ ಅಲಗು ಪೂರ್ತಿ ಹೋಗುತ್ತದೆ. ವಸಂತದಲ್ಲಿ ಚುಚ್ಚಿ ನೋಡಿದಾಗ ಎಷ್ಟು ಇಳಿಯಿತು ಎಂದು ವಿಚಾರಣೆಯವರು ಕೇಳಿದರು.

"ಮೊನೆ ಮಾತ್ರ" ಎಂದ ಓರಿನ್. "ತೊಲೆ ಗಟ್ಟಿಯಿತ್ತು. ಹುಡುಗ ಜೋರಾಗಿ ದೂಡ್ದ."

ಆ ಸಂಜೆ ಲೊವೀನಾ ಎಲ್ಲರಿಗೂ ಆಲೂಗಡ್ಡೆ, ಉಪ್ಪು ಹಂದಿಮಾಂಸ ಬಡಿಸಿದಳು. ಮಾವನ ಹತ್ತಿರ ಬಂದು ನಿಂತಳು.

"ತೊಲೆ ಗಟ್ಟಿಯಿತ್ತಂತೆ, ಮಾವ?"

"ಹೂಂ."

"ಗಟ್ಟಿ ತೊಲೆ ಮುರೀತು."

ಓರಿನ್ ತಟ್ಟೆ ನೋಡುತ್ತ ಕೂತ.

"ನನ್ನ ತಮ್ಮ ಜೋರಾಗಿ ದೂಡ್ದ. ದೂಡಿದ್ದಕ್ಕೆ ಸತ್ತ. ಸರಿ ಬಿಡಿ" ಎಂದು ಅವಳು ಕಾಫಿಯ ಪಾತ್ರೆ ಎತ್ತಿಕೊಂಡು ಎಲ್ಲರ ಬಟ್ಟಲಿಗೂ ಹಾಕಿದಳು. ಓರಿನ್‌ನ ಬಟ್ಟಲಿಗೆ ಹಾಕಲಿಲ್ಲ.

ಮರುದಿನವೂ ಹಾಕಲಿಲ್ಲ. ಆಮೇಲೆ ಅದೇ ನಡೆಯಿತು. ಊಟ ಕೊಡುತ್ತಿದ್ದಳು, ಅವನ ಅಂಗಿ ಒಗೆಯುತ್ತಿದ್ದಳು, ಕಾಲುಚೀಲ ಹೊಲಿಯುತ್ತಿದ್ದಳು. ಕಾಫಿ ಮಾತ್ರ ಹಾಕುತ್ತಿರಲಿಲ್ಲ. ಓರಿನ್ ಕೇಳುತ್ತಲೂ ಇರಲಿಲ್ಲ. ಕೆಜಾಯಾ ಎದ್ದು ಹಾಕಲು ಹೋದರೆ ಬಟ್ಟಲಿನ ಮೇಲೆ ಅಂಗೈ ಮುಚ್ಚುತ್ತಿದ್ದ.

"ಒಂದು ಬಟ್ಲು ಕಾಫಿ ಹಾಕಿದ್ರೆ ನಿನ್ನ ಕೈ ಸವೆದು ಹೋಗತ್ತಾ?" ಎಂದು ಕೆಜಾಯಾ ಸೇಬು ಹೆಚ್ಚುತ್ತ ಸೊಸೆಯನ್ನು ಕೇಳಿದಳು. ಸೆಪ್ಟೆಂಬರ್ ಆಗಿತ್ತು. ಒಣಗಿಸಲು ದಾರದಲ್ಲಿ ಪೋಣಿಸಿದ ಸೇಬಿನ ಹೋಳುಗಳು ಒಲೆಯ ಮೇಲೆ ನೇತಾಡುತ್ತಿದ್ದವು.

"ನೀವೇ ಹಾಕಿ ಅತ್ತೆ."

"ನಾನ್ ಹಾಕಿದ್ರೆ ಕುಡಿಯಲ್ಲ."

"ಹಾಗಾದ್ರೆ ಅವ್ರಿಗೂ ಗೊತ್ತಿದೆ ಅಂತಾಯ್ತು."

"ಏನ್ ಗೊತ್ತಿದೆ? ಅವ್ನು ಬೇರೆ ಥರ ಹೇಳಿದ್ದಿದ್ರೆ ನಾವು ಇಷ್ಟು ಹೊತ್ತಿಗೆ ಎಲ್ಲಿರ್ತಿದ್ವಿ? ನೀನು ಈ ಹೊಟ್ಟೆ ಹೊತ್ಕೊಂಡು ಎಲ್ಲಿ ಹೆರ್ತಿದ್ದೆ, ದೋಣಿ ಮೇಲಾ?"

"ಅಸಾ ದೋಣಿ ಮೇಲೇ ಬದುಕಿದ್ದ" ಎಂದು ಲೊವೀನಾ ಸೂಜಿಯನ್ನು ಇನ್ನೊಂದು ಹೋಳಿನೊಳಗೆ ತೂರಿಸಿದಳು. "ದಡಕ್ಕೆ ಬಂದೇ ಸತ್ತಿದ್ದು."

ಆ ವರ್ಷ ಆಲ್ವಾ ಪೆಟಿಬೋನ್ ವಾಷಿಂಗ್ಟನ್ನಿನ ಕಾಂಗ್ರೆಸ್ಸಿಗೆ, ಎಂದರೆ ದೇಶದ ಸಂಸತ್ತಿಗೆ, ನಿಂತಿದ್ದ. ಹೋಟೆಲಿನ ಮುಂದೆ ಅವನ ಹೆಸರಿನ ಬಟ್ಟೆ ಕಟ್ಟಿದರು, ತುತ್ತೂರಿ ಊದಿಸಿದರು. ಮುರಿದ ತೊಲೆಯನ್ನು ಅಳಿಯನ ಕಡೆಯವರು ಬಂದು ಕಬ್ಬಿಣದ ಪಟ್ಟಿ ಹೊಡೆದು ಜೋಡಿಸಿ ಹೋದರು. ಹೊಸ ಮರ ಬರಲಿಲ್ಲ. ಅಕ್ಟೋಬರಿನಲ್ಲಿ ಆಲ್ವಾ ಪದ್ಧತಿಯ ಹಾಗೆ ಬೆಳಿಗ್ಗೆ ಬಂದ. ಈಗ ಮೈ ಬಂದಿತ್ತು, ಕೂತರೆ ಕುರ್ಚಿ ಕಿರ್ರೆನ್ನುತ್ತಿತ್ತು. ಕೆಜಾಯಾ ದೋಸೆ ಹೊಯ್ದಳು. ಹೆಣ್ಣು ಮಕ್ಕಳಿಬ್ಬರಿಗೂ ಅವನು ಪೆಪ್ಪರ್‌ಮಿಂಟ್ ಕೊಟ್ಟ. ಕೊನೆಗೆ ಲೊವೀನಾಳ ಕಡೆ ತಿರುಗಿದ.

"ನಿನ್ನ ತಮ್ಮನ ವಿಷಯ ನನಗೂ ತುಂಬಾ ಸಂಕಟ ಆಯ್ತಮ್ಮ. ಅವನ ಸಮಾಧಿಗೆ ಒಂದು ಒಳ್ಳೆ ಕಲ್ಲು ನಾನೇ ಹಾಕಿಸ್ತೀನಿ. ಬಿಳಿ ಕಲ್ಲು."

"ಅದರ ಮೇಲೆ ಏನಂತ ಕೆತ್ತಿಸ್ತೀರ ಸಾಹೇಬ್ರೆ?" ಎಂದಳು ಲೊವೀನಾ. "ಜೋರಾಗಿ ದೂಡ್ದ ಅಂತಲಾ?"

ಕೆಜಾಯಾಳ ಕೈಯಲ್ಲಿ ಸೌಟು ನಿಂತಿತು. ಆಲ್ವಾ ನಕ್ಕ. ಕಾಕಂಬಿ ಮೆತ್ತಿದ ಮೀಸೆ ಒರೆಸಿಕೊಂಡು, "ದುಃಖದಲ್ಲಿರೋರ ಮಾತು, ನಾನ್ ಮನಸ್ಸಿಗೆ ಹಾಕ್ಕೊಳ್ಳಲ್ಲ" ಎಂದ. ಹೊರಡುವಾಗ ಓರಿನ್‌ನ ಭುಜ ತಟ್ಟಿ, "ಮನೆಯೋರ್ನ ಸ್ವಲ್ಪ ನೋಡ್ಕೋ" ಎಂದ.

ಅವನ ಗಾಡಿ ಸೇತುವೆ ದಾಟಿತೋ ಇಲ್ಲವೋ, ಕೆಜಾಯಾ ಸೊಸೆಯ ಮೇಲೆ ಬಿದ್ದಳು. "ನಿನಗೆ ಬಾಯಿ ಇದೆ ಅಂತ ನಮ್ಮೆಲ್ರನ್ನೂ ಬೀದಿಗೆ ಹಾಕ್ತೀಯಾ?" ಲೊವೀನಾ ಅವನು ತಿಂದ ತಟ್ಟೆಯನ್ನು ಹಿತ್ತಲಿಗೆ ಒಯ್ದು ಬೂದಿ ಹಾಕಿ ತಿಕ್ಕಿದಳು. ತುಂಬ ಹೊತ್ತು ತಿಕ್ಕಿದಳು.

ಮತದಾನಕ್ಕೆ ಮುಂಚಿನ ವಾರ ಎಬೆನ್ ಗಿರಣಿಯಿಂದ ಬಂದವನು ಊಟದ ಮೇಜಿನ ಮೇಲೆ ಎರಡು ಸಣ್ಣ ಕಾಗದದ ಪಟ್ಟಿ ಇಟ್ಟ. ಒಂದೊಂದರ ಮೇಲೂ ಒಂದು ಹೆಸರು ಅಚ್ಚಾಗಿತ್ತು. ಎದುರು ಪಾರ್ಟಿಯವನ ಹೆಸರು.

ಊರಿನಲ್ಲಿ ಓಟು ಹಾಕುವುದು ಕದ್ದುಮುಚ್ಚಿ ಅಲ್ಲ. ಪಾರ್ಟಿಯವರು ತಮ್ಮ ಬಣ್ಣದ ಚೀಟಿ ತಾವೇ ಅಚ್ಚು ಹಾಕಿಸಿ ಕೊಡುತ್ತಾರೆ. ಯಾವ ಬಣ್ಣ ಹಿಡಿದು ಬಂದ ಎಂದು ಬಾಗಿಲಲ್ಲಿ ನಿಂತವರು ನೋಡುತ್ತಾರೆ. ತಪ್ಪಿಸಿಕೊಳ್ಳುವ ದಾರಿ ಒಂದೇ. ಹಳದಿ ಚೀಟಿಯನ್ನೇ ತೆಗೆದುಕೊಂಡು, ಬೇಡವಾದ ಒಂದು ಹೆಸರಿನ ಮೇಲೆ ಇಂಥ ಪಟ್ಟಿ ಅಂಟಿಸಿ, ಮಡಿಸಿ ಕೊಟ್ಟರೆ ಹೊರಗಿನಿಂದ ಹಳದಿಯೇ.

"ಒಂದು ನನಗೆ, ಒಂದು ನಿನಗೆ, ಅಪ್ಪ" ಎಂದ ಎಬೆನ್.

"ಒಲೆಗೆ ಹಾಕು."

"ಅಸಾ ಬಿದ್ದಾಗ ನಿನ್ನ ಕೈ ಹಿಡ್ಕೊಳ್ಳೋಕೆ ನೋಡ್ದ ಅಂತ ನೀನೇ ಹೇಳ್ದೆ. ಈಗ ಒಲೆಗೆ ಹಾಕು ಅಂತೀಯ."

"ನಿನಗೆ ಗಿರಣಿ ಇದೆ. ಬೆಳಿಗ್ಗೆ ಹೋಗ್ತೀಯ, ಸಂಜೆ ಬರ್ತೀಯ. ಬರೋದು ಎಲ್ಲಿಗೆ?" ಓರಿನ್ ಮೇಜಿನ ಮೇಲೆ ಬೆರಳು ಬಡಿದ. "ಈ ಮನೆಗೆ. ಈ ಮನೆ ಯಾರು ಕೊಟ್ಟಿದ್ದು?"

"ಆಲ್ವಾ ಕೊಟ್ಟ, ಆಲ್ವಾ ಕೊಟ್ಟ! ಹುಟ್ಟಿದಾಗಿಂದ ಇದೇ ಕೇಳ್ತಿದೀನಿ. ಇಷ್ಟು ವರ್ಷ ಕದ ತೆಗೆದು ಮುಚ್ಚಿದ್ದು ಯಾರ ಬೆನ್ನು, ಅವನದ್ದಾ?"

"ತಗ್ಗಿಸಿ ಮಾತಾಡು. ಮಕ್ಳಿದಾರೆ."

"ನೀನು ತಗ್ಗಿಸಿ ತಗ್ಗಿಸಿ ತಲೆ ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲ ಅಪ್ಪ!"

ಓರಿನ್ ಒಂದು ಪಟ್ಟಿಯನ್ನು ಎತ್ತಿ, ಒಲೆಯ ಬಾಗಿಲು ತೆರೆದು ಒಳಗೆ ಹಾಕಿದ. ಇನ್ನೊಂದನ್ನು ಎಬೆನ್ ಎತ್ತಿ ಗಡಿಯಾರದ ಗೂಡಿನಲ್ಲಿಟ್ಟ. "ಇದನ್ನ ಯಾರೂ ಮುಟ್ಟಬೇಡಿ. ಇದು ನನ್ನದು" ಎಂದ.

ಕೆಜಾಯಾ ದಿನಕ್ಕೆ ಎಷ್ಟು ಸಲ ಆ ಗೂಡಿನ ಮುಂದೆ ನಿಂತಳೋ. ತೆಗೆದು ಒಲೆಗೆ ಹಾಕಬೇಕು ಅನ್ನಿಸುತ್ತಿತ್ತು. ಆದರೆ ಲೊವೀನಾ ಅಲ್ಲೇ ಇರುತ್ತಿದ್ದಳು.

ಮತದಾನದ ಹಿಂದಿನ ಮಧ್ಯಾಹ್ನ ಲೊವೀನಾ ಕೈ ಒರೆಸಿಕೊಳ್ಳುತ್ತ ಬಂದಳು. "ಅತ್ತೆ, ಒಂಚೂರು ಅಂಟು ಬೇಕು."

"ನನ್ನ ಮನೆ ಕಳೆಯೋಕೆ ನಾನೇ ಅಂಟು ಕಾಯಿಸ್ಲಾ?"

"ನೀವು ಬೇಡ ಅಂದ್ರೆ ನಾನೇ ಕಾಯಿಸ್ತೀನಿ."

"ನಿನಗೆ ಬರಲ್ಲ. ಗಂಟು ಗಂಟು ಮಾಡ್ತೀಯ."

ಲೊವೀನಾ ಅಲ್ಲೇ ನಿಂತಳು. ಹೊಟ್ಟೆ ಮುಂದೆ ಬಂದಿತ್ತು, ಕಣ್ಣ ಕೆಳಗೆ ಕಪ್ಪಾಗಿತ್ತು. "ಈ ಮೇಜಿನ ಮೇಲೇ ಅವನ ಮೈ ತೊಳೆದಿದ್ದು ಅತ್ತೆ. ನೀವೂ ಇದ್ರಿ. ಕೂದಲಲ್ಲಿದ್ದ ಕೆಸರು ನೀವೇ ತೆಗೆದ್ರಿ" ಎಂದಳು.

ಕೆಜಾಯಾ ಎದ್ದು ಹಿಟ್ಟಿನ ಡಬ್ಬಿ ನೋಡಿದಳು. ಬಿಳಿ ಹಿಟ್ಟು ತಳದಲ್ಲಿತ್ತು, ಮರುದಿನದ ರೊಟ್ಟಿಗೆ ಬೇಕು. ಕರಿಗೋಧಿ ಹಿಟ್ಟು ಬೇಕಾದಷ್ಟಿತ್ತು. ಸಣ್ಣ ಬಾಣಲೆಗೆ ನೀರಿಟ್ಟು, ಹಿಟ್ಟು ಕದಡಿ, ಕೈಗೆ ಬಂದ ಅಭ್ಯಾಸದಲ್ಲಿ ಕಾಕಂಬಿ ಬಿಟ್ಟಳು. ಬೂದಿ ಬಣ್ಣದ ಅಂಟು, ಅಲ್ಲಲ್ಲಿ ಕರಿ ಚುಕ್ಕೆ. ಒಲೆಯ ಪಕ್ಕದಲ್ಲಿ ಮುಚ್ಚಿಟ್ಟಳು. ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ಅವಳಿಗೆ ತಿಳಿಯಲಿಲ್ಲ. ಗಂಟು ಮಾತ್ರ ಇರಲಿಲ್ಲ.

ಮರುದಿನ ಜಿನುಗುಮಳೆ. ಬೆಳಿಗ್ಗೆ ಅವಳು ಹಸುವಿಗೆ ಹುಲ್ಲು ಹಾಕಿ ಬರುವಷ್ಟರಲ್ಲಿ ಗೂಡಿನ ಪಟ್ಟಿ ಇರಲಿಲ್ಲ. ಬಾಣಲೆಯ ಮುಚ್ಚಳ ಸರಿದಿತ್ತು. ಎಬೆನ್ ಹೊರಗೆ ಗಾಡಿ ಕಟ್ಟುತ್ತಿದ್ದ. ಓರಿನ್ ಕೈ ತೊಳೆಯುತ್ತಿದ್ದ. ಮನೆಗೆ ಮೊದಲೇ ಬಂದಿದ್ದ ಹಳದಿ ಚೀಟಿಗಳನ್ನು ಜೇಬಿನಲ್ಲಿಟ್ಟುಕೊಂಡು ಅಪ್ಪ ಮಗ ಇಬ್ಬರೂ ಒಂದೇ ಗಾಡಿಯಲ್ಲಿ ಓಟು ಹಾಕುವ ಹೋಟೆಲಿಗೆ ಹೋದರು. ಒಬ್ಬರ ಹಿಂದೆ ಒಬ್ಬರು ಮಡಿಸಿದ ಚೀಟಿ ಕೊಟ್ಟರು. ಅಧಿಕಾರಿ ಒಂದರ ಹಿಂದೊಂದು ಪೆಟ್ಟಿಗೆಗೆ ಹಾಕಿದ. ಮಧ್ಯಾಹ್ನ ಊಟಕ್ಕೆ ವಾಪಸು ಬಂದರು.

ಲೊವೀನಾ ಗಂಡನ ಮುಖ ನೋಡಿದಳು. ಎಬೆನ್ ಸಣ್ಣಗೆ ತಲೆಯಾಡಿಸಿದ. ಅವಳು ಅವನಿಗೆ ಇನ್ನೊಂದು ಆಲೂಗಡ್ಡೆ ಬಡಿಸಿದಳು. ಓರಿನ್ ರೊಟ್ಟಿ ಮುರಿದ. ಮುರಿದ ಚೂರು ಹೆಬ್ಬೆರಳಿಗೆ ಅಂಟಿಕೊಂಡಿತು. ಕೊಡವಿದ, ಬೀಳಲಿಲ್ಲ. ಕಿರಿಯ ಮೊಮ್ಮಗಳು ಕಿಸಕ್ಕನೆ ನಕ್ಕಳು. ಅವನು ಅದನ್ನು ಬಾಯಿಂದಲೇ ಕಿತ್ತು ತಿಂದ. ಕೆಜಾಯಾ ನೋಡಿದಳು. ಬಾಣಲೆ ಸರಿಸಿರಬೇಕು ಎಂದುಕೊಂಡಳು.

ಎಣಿಕೆಯ ಸುದ್ದಿ ಮರುದಿನ ಬೆಳಿಗ್ಗೆ ಕಮ್ಮಾರನ ಹೆಂಡತಿ ಮೆಹಿಟಬಲ್ ತಂದಳು. ಶಾಲು ಕೂಡ ತೆಗೆಯದೆ ಕೂತಳು.

"ಪೆಟಿಬೋನ್ ಸಾಹೇಬ್ರು ಗೆದ್ರು, ಅದು ಬಿಡು, ಅದೇನ್ ಹೊಸದಲ್ಲ. ನಗೋ ಸಂಗತಿ ಕೇಳು. ಎಣಿಸೋವಾಗ ಎರಡು ಚೀಟಿ ಒಂದಕ್ಕೊಂದು ಅಂಟ್ಕೊಂಡು ಬಂತಂತೆ! ಎಳೆದ್ರೂ ಬರಲಿಲ್ವಂತೆ. ಚಾಕು ಹಾಕಿ ಬಿಡಿಸಿದ್ರಂತೆ. ಒಂದು ಚೀಟಿ ಶುದ್ಧವಾಗಿದೆ, ಇನ್ನೊಂದಕ್ಕೆ ಸಾಹೇಬ್ರ ಹೆಸರ ಮೇಲೆ ಪಟ್ಟಿ! ಆ ಕಡೆಯೋನು ಹೇಳಿದ್ನಂತೆ, ಒಂದು ನಿಮಗೆ ಒಂದು ನಮಗೆ, ಎರಡೂ ಹರಿದುಹೋಗಿದೆ, ಎರಡನ್ನೂ ಬಿಟ್ಬಿಡೋಣ ಅಂತ. ಬಿಟ್ರಂತೆ. ಅಷ್ಟರಲ್ಲಿ ನಮ್ಮೋರು ಎತ್ತಿ ಮೂಸಿ ನೋಡಿದ್ರಂತೆ. ಏನು ವಾಸನೆ ಅಂತೀಯ? ಕಾಕಂಬಿ! ಇಡೀ ಹಜಾರ ಒಂದೇ ಸಲ ಕೂಗಿತಂತೆ, ಕೆಜಾಯಾಳ ಅಂ..."

ಮೆಹಿಟಬಲ್ ಅಲ್ಲಿಗೆ ನಿಲ್ಲಿಸಿದಳು. ಕೆಜಾಯಾಳ ಮುಖ ನೋಡಿದಳು. ಒಲೆಯ ಪಕ್ಕದ ಬಾಣಲೆ ನೋಡಿದಳು.

"ಅಯ್ಯೋ ದೇವರೆ, ನಾನೇನೂ ಹೇಳಿಲ್ಲ" ಎಂದು ಎದ್ದಳು. ಬಾಗಿಲ ತನಕ ಹೋಗಿ, "ಸಾಹೇಬ್ರೂ ಅಲ್ಲೇ ಇದ್ರಂತೆ. ಅವ್ರೊಬ್ರು ನಗಲಿಲ್ವಂತೆ" ಎಂದು ಹೇಳಿ ಹೋದಳು.

ಆ ವಾರ ಕೆಜಾಯಾ ಒಮ್ಮೆ ಕಟ್ಟಿಗೆ ಮನೆಯಲ್ಲಿ ಎಬೆನ್ನನನ್ನು ಹಿಡಿದು ನಿಲ್ಲಿಸಿದಳು. "ಅಂಟಿಸಿದ್ದು ಅಂಟಿಸ್ದೆ, ಒಲೆ ಮುಂದೆ ಹಿಡಿದು ಒಣಗಿಸಬಾರದಿತ್ತಾ? ಬಟ್ಟೆಯಲ್ಲಿ ಒರೆಸಬಾರದಿತ್ತಾ?" ಎಬೆನ್ ಬಾಯಿ ತೆರೆದ. ಆಮೇಲೆ ಮುಚ್ಚಿ, ಕಟ್ಟಿಗೆ ಹೊತ್ತುಕೊಂಡು ಒಳಗೆ ಹೋದ. ಆ ಕಾಕಂಬಿ ಹಾಕದಿದ್ದರೆ, ಬಿಳಿ ಹಿಟ್ಟನ್ನೇ ತೆಗೆದಿದ್ದರೆ ಎಂದು ಅವಳು ತನ್ನನ್ನೇ ಬೈದುಕೊಂಡಳು. ಒಂದು ದಿನ ರೊಟ್ಟಿ ಇಲ್ಲದಿದ್ದರೆ ಯಾರೂ ಸಾಯುತ್ತಿರಲಿಲ್ಲ.

ಆಲ್ವಾ ಪೆಟಿಬೋನ್ ಮುಂದಿನ ವಾರ ಬೆಳಿಗ್ಗೆ ಬಂದ. ಓಟು ಆದ ಬೆನ್ನಿಗೇ ಅವನು ಎಂದೂ ಬಂದವನಲ್ಲ. ಹ್ಯಾಟು ತೆಗೆದು ಮಾಮೂಲಿ ಕುರ್ಚಿಯಲ್ಲಿ ಕೂತ. "ದೋಸೆ ಹಾಕು ಕೆಜಾಯಾ" ಎಂದ. ಕೆಜಾಯಾ ಹಾಕಿದಳು. ಓರಿನ್ ಎದುರು ಕೂತಿದ್ದ. ಎಬೆನ್ ಕಿಟಕಿಯ ಹತ್ತಿರ ನಿಂತಿದ್ದ. ಲೊವೀನಾ ಕಾಫಿ ಪಾತ್ರೆ ಹಿಡಿದು ಒಲೆಯ ಹತ್ತಿರ ನಿಂತಿದ್ದಳು. ಆಲ್ವಾ ಎರಡು ದೋಸೆ ತಿಂದು, ಮೂರನೆಯದರ ಮೇಲೆ ಕಾಕಂಬಿ ಸುರಿದು, ತಿನ್ನದೆ ತಟ್ಟೆ ಸ್ವಲ್ಪ ದೂರ ತಳ್ಳಿದ.

"ಇಷ್ಟು ವರ್ಷ ಈ ವಾಸನೆ ಅಂದ್ರೆ ನನಗೆ ನಿಮ್ಮನೆ" ಎಂದ. "ಮೊನ್ನೆ ಅದು ಓಟಿನ ಪೆಟ್ಟಿಗೆಯಿಂದ ಬಂತು."

ಬೆರಳಿಗೆ ಹತ್ತಿದ ಕಾಕಂಬಿಯನ್ನು ಕರವಸ್ತ್ರಕ್ಕೆ ಒರೆಸಿದ.

"ಒಂದು ಓಟಿನಿಂದ ನನಗೇನೂ ಆಗಲ್ಲ. ಗೆದ್ದಿದೀನಿ. ಆದ್ರೆ ಊರೆಲ್ಲ ನೋಡ್ತು. ನನ್ನ ಅನ್ನ ತಿಂದೋರ ಮನೆಯಿಂದಲೇ ಅಂತ ಅಂದ್ರು. ಇದನ್ನ ಹೀಗೇ ಬಿಟ್ರೆ ನಾಳೆ ಅಂಚೆಯೋನು ಅಂಟಿಸ್ತಾನೆ, ನಾಳಿದ್ದು ಇನ್ನೊಬ್ಬ." ಅವನು ಎಬೆನ್ನನ ಕಡೆ ತಿರುಗಲೂ ಇಲ್ಲ. "ಓರಿನ್, ಎರಡು ಚೀಟಿಯಲ್ಲಿ ಯಾವುದು ನಿನ್ನದು ಅಂತ ನನಗೆ ಗೊತ್ತು. ನಿನಗೂ ನನಗೂ ಮಾತಿಲ್ಲ. ಹುಡುಗ ಹೆಂಡ್ತಿ ಮಕ್ಳನ್ನ ಕರ್ಕೊಂಡು ಬೇರೆ ಎಲ್ಲಾದ್ರೂ ಹೋಗ್ಲಿ. ನೀನೂ ಕೆಜಾಯಾನೂ ಇರಿ. ಸಾಯೋ ತನಕ ಇರಿ."

ಕೆಜಾಯಾ ಲೊವೀನಾಳ ಹೊಟ್ಟೆ ನೋಡಿದಳು. ಹೊರಗೆ ನೆಲ ಹೆಪ್ಪುಗಟ್ಟಿತ್ತು. ಗಿರಣಿಯ ಹತ್ತಿರ ಒಂದು ಕೋಣೆ ಸಿಗಬಹುದು, ಹಾಲು ನಾನೇ ಮುಟ್ಟಿಸಬಹುದು ಎಂದು ಅವಳ ಮನಸ್ಸು ಆಗಲೇ ಓಡುತ್ತಿತ್ತು.

"ಯಾವುದು ನಂದು ಅಂತ ನಿನಗೆ ಗೊತ್ತಿಲ್ಲ ಆಲ್ವಾ" ಎಂದ ಓರಿನ್.

"ಏನು?"

"ಪಟ್ಟಿ ಅಂಟಿಸಿದ್ದು ನಂದು."

ಆಲ್ವಾ ನಕ್ಕ. "ಮಗನ ತಪ್ಪು ಮುಚ್ಚಬೇಡ. ಹುಡುಗನಾಗಿದ್ದಾಗ್ಲೂ ನಿನಗೆ ಸುಳ್ಳು ಹೇಳೋಕೆ ಬರ್ತಿರಲಿಲ್ಲ."

"ಬರತ್ತೆ. ಹೋಟೆಲಿನ ಹಜಾರದಲ್ಲಿ ಹೇಳ್ದೆನಲ್ಲ, ಎಲ್ಲರ ಮುಂದೆ." ಓರಿನ್ ಜೇಬಿನಿಂದ ಚಾಕು ತೆಗೆದು ಮೇಜಿನ ಮೇಲಿಟ್ಟ. ಅವನು ಮಾತಾಡಿದ್ದು ಆಲ್ವಾನ ಜೊತೆಯಾದರೂ ನೋಡಿದ್ದು ಒಲೆಯ ಕಡೆಗೆ. "ವಸಂತದಲ್ಲಿ ಚುಚ್ಚಿದಾಗ ಹಿಡಿ ತನಕ ಇಳೀತು. ತೊಲೆ ಕೊಳೆತಿತ್ತು. ಹುಡುಗಂದು ಏನೂ ತಪ್ಪಿರಲಿಲ್ಲ. ಆಗ್ಲೇ ನಿನಗೆ ಹೇಳಿದ್ದೆ ಆಲ್ವಾ, ಇದೇ ಕುರ್ಚಿಯಲ್ಲಿ ಕೂತಿದ್ದೆ ನೀನು. ಮುಂದಿನ ವರ್ಷ ನೋಡೋಣ, ಅಳಿಯಂಗೆ ಹೇಳ್ತೀನಿ ಅಂದೆ."

ಆಲ್ವಾನ ಮುಖ ನಿಧಾನವಾಗಿ ಬದಲಾಯಿತು. ಅವನು ಮೊದಲ ಸಲ ಎಬೆನ್ನನ ಕಡೆ ನೋಡಿದ. "ನೀನು?"

ಎಬೆನ್ ಕಿಟಕಿಯ ಚೌಕಟ್ಟು ಹಿಡಿದುಕೊಂಡಿದ್ದ.

"ನಾನು ಹಾಗೇ ಹಾಕ್ದೆ" ಎಂದ. ದನಿ ಕೇಳಿಸಲಿಲ್ಲ. ಮತ್ತೆ ಹೇಳಿದ. "ಏನೂ ಅಂಟಿಸಲಿಲ್ಲ. ಬೆಳಿಗ್ಗೆ ಎದ್ದು ಮಕ್ಳು ಮಲಗಿದ್ದು ನೋಡ್ದೆ. ಆಗಲಿಲ್ಲ. ಪಟ್ಟಿ ಗೂಡಿನಲ್ಲೇ ಬಿಟ್ಟೆ."

ಲೊವೀನಾ ಗಂಡನನ್ನು ನೋಡಿದಳು. ಎಬೆನ್ ಅವಳನ್ನು ನೋಡಲಿಲ್ಲ. ಕೆಜಾಯಾಳಿಗೆ ಆಗ ರೊಟ್ಟಿಯ ಚೂರು ಅಂಟಿದ ಹೆಬ್ಬೆರಳು ನೆನಪಾಯಿತು.

ಆಲ್ವಾ ಮೇಜಿನ ಮೇಲಿದ್ದ ಚಾಕುವನ್ನು ಬೆರಳಿನಿಂದ ಓರಿನ್‌ನ ಕಡೆ ತಳ್ಳಿದ. ಅವನ ಕಣ್ಣಿನಲ್ಲಿ ನೀರಿತ್ತೋ ಏನೋ, ಕೆಜಾಯಾ ಆಮೇಲೆ ಇತ್ತು ಎಂದೇ ಹೇಳುತ್ತಿದ್ದಳು. "ಒಂದೇ ಕಂಬ್ಳಿ ಹೊದ್ಕೊಂಡೋರು ನಾವು, ಓರಿನ್" ಎಂದ.

"ಹೂಂ. ಆಗ ತೂತಿದ್ದ ಕಡೆ ನೀನೇ ಮಲಗ್ತಿದ್ದೆ."

ಆಲ್ವಾ ಎದ್ದ. ಹ್ಯಾಟು ಹಾಕಿಕೊಂಡ. ಆಗ ಅವನು ಮತ್ತೆ ಪೆಟಿಬೋನ್ ಸಾಹೇಬನಾಗಿದ್ದ. "ನನ್ನ ಪರ ನಿಂತೋರ ಪರ ನಾನೂ ನಿಲ್ತೀನಿ. ಊರಿಗೂ ಅದು ಗೊತ್ತಾಗಬೇಕು" ಎಂದು ಎಬೆನ್ನನಿಗೆ ಹೇಳಿದ. "ಹೊಸ ವರ್ಷದಿಂದ ಲಾಕು ನಿನ್ನದು. ಮನೆಯೂ ಅದರ ಜೊತೆ. ಆದ್ರೆ ನಿಮ್ಮಪ್ಪ ಈ ಸೂರಿನ ಕೆಳಗೆ ಮಲಗಬಾರದು. ಒಂದು ರಾತ್ರಿಯೂ."

"ಅಪ್ಪ..." ಎಂದ ಎಬೆನ್.

"ತಗೋ" ಎಂದ ಓರಿನ್. "ನಿನಗೆ ಮಕ್ಳಿದಾರೆ. ತಗೋ."

ಎಬೆನ್ ತಲೆ ಬಗ್ಗಿಸಿದ. "ಆಗಲಿ ಸಾಹೇಬ್ರೆ."

ಗಾಡಿ ಹೋಯಿತು. ತಟ್ಟೆಯ ಮೇಲಿನ ದೋಸೆ ಕಾಕಂಬಿ ಹೀರಿಕೊಂಡು ಕಪ್ಪಾಗುತ್ತಿತ್ತು. ಲೊವೀನಾ ಒಲೆಯ ಹತ್ತಿರದಿಂದ ಬಂದಳು. ಗಂಡನನ್ನು ದಾಟಿ ಬಂದು, ಮಾವನ ಬಟ್ಟಲನ್ನು ಎಳೆದುಕೊಂಡು ಕಾಫಿ ಹಾಕಿದಳು. ಬಟ್ಟಲು ತುಂಬಿ ಒಂದಷ್ಟು ಮೇಜಿನ ಮೇಲೆ ಚೆಲ್ಲಿತು. ಓರಿನ್ ಈ ಸಲ ಅಂಗೈ ಮುಚ್ಚಲಿಲ್ಲ. ಎರಡೂ ಕೈಯಲ್ಲಿ ಬಟ್ಟಲು ಹಿಡಿದು, ಸುಡುಸುಡುತ್ತಿದ್ದಂತೆಯೇ ಕುಡಿದ.

"ನಾನೂ ಬರ್ತೀನಿ ಮಾವ" ಎಂದಳು ಲೊವೀನಾ.

"ಎಲ್ಲಿಗೆ ಬರ್ತೀಯ? ಹುಚ್ಚಿ. ಇಲ್ಲೇ ಹೆರು. ಒಲೆ ಇದೆ."

ಹೊಸ ವರ್ಷಕ್ಕೆ ಮುಂಚೆ ಓರಿನ್, ಕೆಜಾಯಾ ಹೊರಟರು. ಕೆಜಾಯಾಳ ತಂಗಿಯ ಗಂಡ ದೂರದ ಊರಿನಲ್ಲಿ ತೊಗಲು ಹದ ಮಾಡುತ್ತಿದ್ದ, ಅವನ ಕೊಟ್ಟಿಗೆಯ ಮೇಲೆ ಒಂದು ಅಟ್ಟವಿತ್ತು. ಹಾಸಿಗೆ, ಗಡಿಯಾರ, ಎರಡು ಕುರ್ಚಿ ಗಾಡಿಗೆ ಹೇರಿದರು. ಬಾಣಲೆಯನ್ನು ಕೆಜಾಯಾ ಸೊಸೆಗೆ ಬಿಟ್ಟಳು. "ದೋಸೆಗೆ ಇಟ್ಕೋ. ಅಂಟು ಮಾತ್ರ ಕಾಯಿಸಬೇಡ" ಎಂದಳು. ನಗಿಸಬೇಕೆಂದೇ ಹೇಳಿದಳು. ಯಾರಿಗೂ ನಗು ಬರಲಿಲ್ಲ.

ಚಳಿಗಾಲಕ್ಕೆಂದು ಕಾಲುವೆಯ ನೀರು ಬಿಟ್ಟು ಖಾಲಿ ಮಾಡಿದ್ದರು. ತೊಟ್ಟಿಯ ತಳದಲ್ಲಿ ಕೆಸರು ಗಟ್ಟಿಯಾಗಿತ್ತು. ಎಬೆನ್ ತೊಲೆಯ ಹತ್ತಿರ ನಿಂತಿದ್ದ. ಕಾಲ ಬುಡದಲ್ಲಿ ಎರಡು ಡಬ್ಬಿ ಬಿಳಿ ಬಣ್ಣ. ರಿಪೇರಿಯವರು ಕಳಿಸಿದ್ದು ಅಷ್ಟೇ, ಮರ ಬಂದಿರಲಿಲ್ಲ. ಓರಿನ್ ಗಾಡಿ ನಿಲ್ಲಿಸಿ ಇಳಿದ. ಮಗನ ಹತ್ತಿರ ಹೋದ. ಜೇಬಿನಿಂದ ಚಾಕು ತೆಗೆದು, ಕಬ್ಬಿಣದ ಪಟ್ಟಿಯ ಪಕ್ಕದಲ್ಲಿ ತೊಲೆಗೆ ಒತ್ತಿದ. ಬಲ ಹಾಕಬೇಕಾಗಲಿಲ್ಲ, ಅಲಗು ಹಿಡಿಯ ತನಕ ಹೋಯಿತು. ಅದನ್ನು ಹಾಗೇ ಬಿಟ್ಟು ವಾಪಸು ಬಂದು ಗಾಡಿ ಹತ್ತಿದ.

ಫೆಬ್ರವರಿಯಲ್ಲಿ ಗಂಡು ಮಗು ಹುಟ್ಟಿತು. ಅಸಾ ಎಂದು ಹೆಸರಿಟ್ಟರು. ವಸಂತದಲ್ಲಿ ಕಾಲುವೆಗೆ ನೀರು ಬಿಟ್ಟ ಮೇಲೆ ಲೊವೀನಾ ಮಗುವನ್ನು ಎತ್ತಿಕೊಂಡು ತೊಗಲಿನವನ ಮನೆಗೆ ಬಂದಳು. ಮಾವನಿಗೆ ಮಗುವನ್ನು ಕೊಟ್ಟಳು, ಅತ್ತೆಯ ಜೊತೆ ಅಡುಗೆಗೆ ನಿಂತಳು. ಆಲೂಗಡ್ಡೆ ಸುಲಿಯುತ್ತ ಕೆಜಾಯಾ, "ಎಬೆನ್ ಆ ಚಾಕು ಏನ್ ಮಾಡ್ದ?" ಎಂದು ಕೇಳಿದಳು.

"ಕೀಳಲಿಲ್ಲ" ಎಂದಳು ಲೊವೀನಾ. "ಅದರ ಸುತ್ತ ಬಣ್ಣ ಬಳಿದ."